ತಕರಾರಿಲ್ಲದ ವಾಕ್ಯ

೬ ನವೆಂಬರ್ ೧೯೯೧, ಬುಧವಾರ. ಗೊರೇಬಾಳ

ಒಂದು ಇಂಗ್ಲಿಷ್ ಪದ ಮಧ್ಯಾಹ್ನದಿಂದ ಬೆನ್ನು ಹತ್ತೇತಿ. ಇಂಡಿಸ್ಪ್ಯೂಟಬಲ್. ಅಂದ್ರ, ಯಾರೂ ತಕರಾರು ತೆಗಿಲಾರದಂಥದು. ಮನ್ಯಾಗ ದಿನಾ ಆಡೋ ಮಾತಿನಾಗ ಇದನ್ನ ಹಾಕಿ ಒಂದು ವಾಕ್ಯ ಮಾಡ್ಕೊಂಡು ಬರ್ರಿ ಅಂದಾರ ಸಿಂಧನೂರು ಕಾಲೇಜಿನ ಸರ್.

ಇವತ್ತು ಕಾಲುವಿ ನೀರಿನ ಪಾಳಿ ನಮ್ದು ಅನ್ನೋದು ಇಂಡಿಸ್ಪ್ಯೂಟಬಲ್ ಅಂತ ಬರದೆ. ಅಪ್ಪ ನಕ್ಕುಬಿಟ್ಟ. "ಅದಕ್ಕ ದಿನಾ ಬಡದಾಡ್ತೀವಲ್ಲಬೇ! ಹೊಡಿ ಕಾಟು."

ಆಮ್ಯಾಲೆ ಒಂದು ವಾಕ್ಯ ತಾನಾಗೇ ಬಂತು. ಅಮರಮ್ಮನ್ನ, ಅಂದ್ರ ನನ್ನ, ಅವ್ವನ ತಮ್ಮ ಆದೆಪ್ಪಗ ಕೊಡೋದು ಇಂಡಿಸ್ಪ್ಯೂಟಬಲ್. ನನ್ನ ತೊಟ್ಟಿಲಕ್ಕ ಹಾಕಿದ ದಿನಾನೇ ಹಿರೇರು ಆಡಿದ ಮಾತದು. ಇಲ್ಲೀತನ ಒಬ್ರೂ ಎದುರಾಡಿಲ್ಲ. ನಾನೂ.

ಸಂಜಿಕಿ ಆದೆಪ್ಪ ಮಾವ ತುರ್ವಿಹಾಳದಿಂದ ಬಂದ. ಕಟ್ಟಿ ಮ್ಯಾಲೆ ಕುಂತು ಚಾ ಕುಡಿಯಾಕತ್ತಿದ್ದ. ಏನು ಬರಿಯಾಕತ್ತಿ ಅಂದ. ಪದದ ಅರ್ಥ ಹೇಳಿದೆ. ಏನು ತಿಳೀತೋ, ವಾಕ್ಯಾನೂ ಕನ್ನಡದಾಗ ಹೇಳಿಬಿಟ್ಟೆ. ಅವ ಚಾದ ಬಸಿ ಕೆಳಗಿಟ್ಟ. ಮೆಲ್ಲಕ ಕೇಳಿದ:

"ನಿಂದೂ ತಕರಾರಿಲ್ಲೇನು, ಅಮರಿ?"

ನಾ ನೋಟ್‌ಬುಕ್ ಮುಚ್ಚಿಬಿಟ್ಟೆ. ಹೊಲದ ಕಡಿಂದ ಭತ್ತದ ವಾಸನಿ ಬರಾಕತ್ತಿತ್ತು. ನನ್ನನ್ನ ಯಾರರ ಕೇಳಬೌದು ಅಂತ ಕನಸಿನ್ಯಾಗೂ ಹೊಳದಿದ್ದಿಲ್ಲ. ಹುಟ್ಟಿದಾಗಿಂದ ನೋಡಿದ ಮಾರಿ, ಇವತ್ತ ಮೊದಲ ಸಲ ನೋಡಿದಂಗಾತು.

ಎಲ್ಲಾರೂ ಮಲಗ್ಯಾರ. ಕಣ್ಣು ಮುಚ್ಚಿದ್ರ ಅವನ ಮಾತು ಕಾಲುವಿ ನೀರಾಗ ಬೆಳದಿಂಗಳ ಹಂಗ ತೇಲಾಕತ್ತೇತಿ. ಆ ವಾಕ್ಯ ಹೊಡದು ಹಾಕೀನಿ. ಅವ ನನ್ನ ಕೇಳಿದ ಮ್ಯಾಲೆ ಅದು ಖರೇ ಉಳೀಲಿಲ್ಲ. ಮುಂಜಾನಿ ಅವ ಹೊಂಡೋದ್ರಾಗ ಹೂಂ ಅನ್ನಲೋ, ಒಲ್ಲೆ ಅನ್ನಲೋ... ಹೂಂ ಅಂದ್ರೂ, ಈ ಸಲ ಅನ್ನಾಕಿ ನಾನೇ.