ಒಂಬತ್ತು ದಿನ ಮುದುಡಿದ್ದ ಹವಳ

ಹುಮನಾಬಾದ, ೨೦೦೭

ಮುಷರಫ್,

ಹೈದರಾಬಾದಿನ ಅಕ್ವೇರಿಯಂ ಅಂಗಡಿಯಲ್ಲಿ ನೀನು ನಕ್ಕಿದ್ದೆ: "ಏಳನೇತ್ತಕ್ಕ ಸಾಲಿ ಬಿಟ್ಟಾಂವ, ಉಪ್ಪುನೀರಿನ ಜೀವ ಹ್ಯಾಂಗ ಸಾಕ್ತಿಯೋ? ಪ್ಲಾಸ್ಟಿಕ್ಕಿಂದು ತಗೋ!" ನಾನು ಹಟಕ್ಕೆ ಬಿದ್ದು, ಹೊಸಬರ ಕೈಯಲ್ಲೂ ಬದುಕುತ್ತದೆಂದು ಅಂಗಡಿಯವನು ಹೇಳಿದ ಅಣಬೆಯಾಕಾರದ ಮೆತ್ತನೆಯ ಹವಳವನ್ನೇ ಆರಿಸಿದೆ. ಅಂದಿನಿಂದ ಮಾತು ಬಿಟ್ಟೆ. ದುಬೈಗೆ ಹೋಗುವ ಮುಂಚೆ ನೀನು ಎರಡು ಸಲ ಬಾಗಿಲು ಬಡಿದರೂ ತೆಗೆಯಲಿಲ್ಲ.

ಒಂಬತ್ತು ದಿನದ ಹಿಂದೆ ಹವಳ ಮುದುಡಿಕೊಂಡು ಮೈಮೇಲೆ ಮೇಣದಂಥ ಪೊರೆ ಕಟ್ಟಿತು. "ಸತ್ತದ, ಹೊರಗ ಚೆಲ್ಲೋ," ಅಂದಳು ಅಕ್ಕ ಸೂಗಮ್ಮ. ನಾನು ಚೆಲ್ಲಲಿಲ್ಲ, ಗಳಿಗೆಗೊಮ್ಮೆ ನೋಡುತ್ತ ಕಾದೆ. ಇವತ್ತು ಬೆಳಿಗ್ಗೆ ಪೊರೆ ಕಳಚಿ ಸಣ್ಣ ಸಣ್ಣ ಬೆರಳುಗಳನ್ನೆಲ್ಲ ಬಿಚ್ಚಿದೆ.

ನೋಡು, ನನ್ನ ಕೈಯಲ್ಲೂ ಬದುಕುತ್ತದೆ! ನಿನ್ನ ವಿಳಾಸ ನನ್ನ ಹತ್ತಿರವಿಲ್ಲ, ಯಾರನ್ನೂ ಕೇಳುವುದೂ ಇಲ್ಲ. ಬೆಳಿಗ್ಗೆಯಿಂದ ಬಾಗಿಲು ತೆರೆದಿಟ್ಟಿದ್ದೇನೆ. ಗಾಳಿಗೆ. ಬೇರೇನೂ ತಿಳಿಯಬೇಡ.

ಗುರುಲಿಂಗ