ಬಾಗಿಲು ಮುಚ್ಚುವ ದಿನ ಬಂದವರು

ನನ್ನ ಮೊಂಡನಿಗೆ,

ಈ ಕಾಗದ ನಿನ್ನ ಕೈಗೆ ಸಿಕ್ಕಿದೆ ಎಂದರೆ, ಕೋಟಿನೊಳಗೆ ಏನೋ ಚುಚ್ಚುತ್ತಿದೆ ಎಂದು ಗೊಣಗುತ್ತ ನೀನು ಅಸ್ತರಿನ ಹೊಲಿಗೆ ಬಿಚ್ಚಿದ್ದೀಯ ಎಂದರ್ಥ. ಬೇಕೆಂದೇ ಒರಟಾಗಿ ಮಡಿಚಿಟ್ಟೆ. ಓದಿ ಮುಗಿಸಿ ಒಲೆಗೆ ಹಾಕಿಬಿಡು. ಹೊಲಿಗೆಯನ್ನು ಮಾತ್ರ ಮರೆಯದೆ ಮತ್ತೆ ಹಾಕಿಕೋ; ಸೂಜಿ ದಾರ ಎಡಗಡೆಯ ಜೇಬಿನಲ್ಲಿದೆ. ಪಂಪಿನ ಮನೆಯಲ್ಲಿ ಒಂದು ಎಳೆ ಬಿಟ್ಟುಕೊಂಡರೂ ಸಾಕು, ಧೂಳು ಒಳಗೆ ನುಗ್ಗುತ್ತದೆ.

ಮೊನ್ನೆ ಲಾಕಪ್ಪಿನ ಜಾಲರಿಯ ಆಚೆ ಕೂತು ನೀನು ಹೇಳಿದೆ: "ಯಾಕ್ ಹಾಗ್ ಮಾಡಿದ್ನೋ ನಂಗೇ ಗೊತ್ತಿಲ್ಲ ಅಕ್ಕ. ಬಾಯಿಗ್ ಬಂತು, ಹೇಳ್ಬಿಟ್ಟೆ. ಅಪ್ಪ ಇದ್ದಿದ್ರೆ ನನ್ ಮುಖಾನೂ ನೋಡ್ತಿರ್ಲಿಲ್ಲ." ನಾನು ಸುಮ್ಮನೆ ನಿನ್ನನ್ನೇ ನೋಡುತ್ತ ಕೂತಿದ್ದೆ. ನನಗೆ ಕೋಪ ಬಂದಿದೆ ಎಂದುಕೊಂಡು ನೀನು ತಲೆ ತಗ್ಗಿಸಿದೆ. ಕೋಪವಲ್ಲ ಕಣೋ. ಪಕ್ಕದಲ್ಲಿ ಕಾವಲಿನವನು ಕಿವಿ ನಿಮಿರಿಸಿಕೊಂಡು ನಿಂತಿದ್ದ. ನಾನು ಹೇಳಬೇಕಾಗಿದ್ದ ಮಾತು ಅವನ ಕಿವಿಗೆ ಬೀಳುವಂಥದ್ದಲ್ಲ. ಅದಕ್ಕೇ ಈ ಹೊಲಿಗೆ, ಈ ಕಾಗದ.

ಆ ದಿನ ಬಾಗಿಲಲ್ಲಿ ನಡೆದದ್ದನ್ನು ನನಗೆ ಆ ಹುಡುಗಿಯೇ ಹೇಳಿದಳು. ಧೂಳುಗಾಲಕ್ಕೆ ಹೊರಬಾಗಿಲು ಮುಚ್ಚುವ ಹೊತ್ತು. ಸಾಲಿನಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಒಳಗೆ ಅವಳಿಗೆ ಜಾಗವಿಲ್ಲ, ಉಸಿರಾಟಕ್ಕೆಂದು ಅಳೆದುಕೊಡುವ ಗಾಳಿಪಾಲು ಅವಳ ಹೆಸರಿನಲ್ಲಿ ಯಾವ ಮನೆಯಲ್ಲೂ ಇಲ್ಲ. ನೀನು ಮೊದಲು ನಿಯಮ ಹೇಳಿದೆಯಂತೆ, ಬಾಯಿಪಾಠ ಒಪ್ಪಿಸುವವನ ಹಾಗೆ. ಅವಳು ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. "ಸರಿ, ಕೂತ್ಕೊಳಕ್ಕೆ ನೆರಳು ಎಲ್ಲಿದೆ ಅದಾದ್ರೂ ಹೇಳಿ" ಎಂದಳಂತೆ. ನೀನು ಸ್ವಲ್ಪ ಹೊತ್ತು ಅವಳನ್ನೇ ನೋಡಿದೆ. ಆಮೇಲೆ ಹಿಂದಿದ್ದ ಮೇಲ್ವಿಚಾರಕರ ಕಡೆ ತಿರುಗಿ "ನನ್ ತಂಗಿ ಸಾರ್" ಎಂದೆ. ಅವರು ಮನೆ ರಿಜಿಸ್ಟರು ತೆಗೆಯುವಷ್ಟರಲ್ಲಿ ಅವಳನ್ನು ಒಳಗೆ ತಳ್ಳಿ ಬಾಗಿಲು ಮುಚ್ಚಿ ಸಂದಿಗೆಲ್ಲ ಅಂಟು ಬಳಿದುಬಿಟ್ಟಿದ್ದೆ. ಇನ್ನು ಅದು ತೆರೆಯುವುದು ಧೂಳುಗಾಲ ಕಳೆದ ಮೇಲೆಯೇ.

ಇದನ್ನು ಕೇಳಿ ನಾನು ಅತ್ತುಬಿಟ್ಟೆ. ಆ ಹುಡುಗಿ ನನ್ನನ್ನು ಸಮಾಧಾನ ಮಾಡಬೇಕಾಯಿತು. ಯಾಕೆಂದು ಈಗ ಹೇಳುತ್ತೇನೆ. ಕೂತುಕೊಂಡು ಓದು.

ಈ ಮುಚ್ಚಿದ ಊರಿನಲ್ಲಿ ಹುಟ್ಟಿದವರಲ್ಲ ನಾವು. ನೀನು ಅಪ್ಪ ಎಂದು ಕರೆದು, ಹೋದ ಚಳಿಗಾಲದಲ್ಲಿ ಹೆಗಲು ಕೊಟ್ಟು ಕಳಿಸಿಕೊಟ್ಟೆಯಲ್ಲ, ಅವರು ನಮ್ಮನ್ನು ಹೆತ್ತವರಲ್ಲ.

ನಮ್ಮ ಊರು ಹೊರಗಿತ್ತು. ಬಾವಿಗಳು ಒಂದೊಂದಾಗಿ ಬತ್ತಿದವು, ಆಮೇಲೆ ಬೀದಿಗಳು ಒಂದೊಂದಾಗಿ ಖಾಲಿಯಾದವು. ಹೆತ್ತ ಅಪ್ಪ, ನೀನಿನ್ನೂ ಹೊಟ್ಟೆಯಲ್ಲಿರುವಾಗಲೇ ಎದೆಗೆ ಧೂಳು ಕಟ್ಟಿ ತೀರಿಕೊಂಡಿದ್ದರು. ಅಮ್ಮ ಬಟ್ಟೆ ಹೊಲಿಯುತ್ತಿದ್ದಳು. ಹೊರಡುವ ದಿನ ಮನೆಯ ಪರದೆಗಳನ್ನೆಲ್ಲ ಕತ್ತರಿಸಿ, ಪದರದ ಮೇಲೆ ಪದರ ಇಟ್ಟು ನಮ್ಮ ಮೂವರಿಗೂ ಮುಖಕ್ಕೆ ಕಟ್ಟುವ ಬಟ್ಟೆ ಹೊಲಿದಳು. ನಿನ್ನದರ ಮೇಲೆ ಹಳದಿ ಹೂವಿತ್ತು. ಕಟ್ಟಿದಷ್ಟು ಸಲವೂ ನೀನು ಕಿತ್ತೆಸೆಯುತ್ತಿದ್ದೆ. "ಇಂಥ ಮೊಂಡನ್ನ ಎಲ್ಲೂ ನೋಡಿಲ್ಲ" ಎಂದು ಅಮ್ಮ ಬೈಯುತ್ತಿದ್ದಳು. ಆ ಹೆಸರೊಂದು ಅವಳು ಇಟ್ಟದ್ದು, ಅದೊಂದನ್ನೇ ನಾನು ಇಷ್ಟು ವರ್ಷ ಧೈರ್ಯವಾಗಿ ಕೂಗಿದ್ದು.

ದೊಡ್ಡ ನೀರಿನ ಪೈಪು ಹಿಡಿದುಕೊಂಡು ಹೋದರೆ ಮುಚ್ಚಿದ ಊರು ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಬೆಳಿಗ್ಗೆ ನಡೆಯುತ್ತಿದ್ದೆವು, ಬಿಸಿಲೇರಿದರೆ ಪೈಪಿನ ಕೆಳಗೆ ಮಲಗುತ್ತಿದ್ದೆವು. ಪೈಪಿನ ಒಳಗೆ ನೀರು ಹರಿಯುವ ಸದ್ದು ಕೇಳುತ್ತಿತ್ತು, ಆದರೆ ಕುಡಿಯಲು ಸಿಗುತ್ತಿರಲಿಲ್ಲ. ಕೀಲುಗಳಿರುವ ಕಡೆ ಕಬ್ಬಿಣ ಬೆವರುತ್ತಿತ್ತು. ನಿನ್ನನ್ನು ಎತ್ತಿ ಹಿಡಿದು ಅದನ್ನು ನೆಕ್ಕಿಸುತ್ತಿದ್ದೆವು. ನೀನು ಅದು ಆಟವೆಂದು ನಗುತ್ತಿದ್ದೆ, ಮೂಗಿನ ತುದಿಗೆಲ್ಲ ತುಕ್ಕು. ಅಮ್ಮ ತನ್ನ ಸರದಿ ಬಂದಾಗಲೆಲ್ಲ "ನಂದಾಯ್ತು" ಎನ್ನುತ್ತಿದ್ದಳು. ಅವಳ ತುಟಿಯ ಮೇಲೆ ತುಕ್ಕಿರಲಿಲ್ಲ. ನಾನು ನೋಡುತ್ತಿದ್ದೆ, ನನಗೂ ಬಾಯಾರಿಕೆಯಾಗುತ್ತಿತ್ತು.

ಒಂದು ಮೋರಿಯ ಹತ್ತಿರ ಅಮ್ಮ ಕೂತಳು. "ನೀವಿಬ್ರೂ ನಡೀತಿರಿ. ನಾನ್ ಸ್ವಲ್ಪ ಸುಧಾರಿಸ್ಕೊಂಡ್ ಬರ್ತೀನಿ" ಎಂದಳು. ನಾನು "ಹೂಂ, ಬೇಗ ಬಾ" ಎಂದೆ. ಅವಳು ಬರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಪ್ಪಿಕೊಂಡರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ನಡೆಯುವುದಿಲ್ಲ. ಅದಕ್ಕೇ ಅವಳು ಅಪ್ಪಿಕೊಳ್ಳಲೂ ಇಲ್ಲ. ನಿನ್ನ ಮುಖದ ಬಟ್ಟೆಯ ಗಂಟನ್ನು ಮತ್ತೊಂದು ಸಲ ಬಿಗಿದಳು, ಅಷ್ಟೇ. ನೀನು ನನ್ನ ಬೆನ್ನ ಮೇಲಿಂದ ಅವಳಿಗೆ ಟಾಟಾ ಮಾಡುತ್ತ ಬಂದೆ.

ನಾವು ಇಲ್ಲಿ ತಲುಪಿದ ದಿನವೂ ಬಾಗಿಲು ಮುಚ್ಚುವ ದಿನವೇ ಆಗಿತ್ತು. ಇನ್ನೂ ನಡೆಯದ ಮಗುವಿಗೆ ಗಾಳಿಪಾಲು ಬೇಡ ಎಂದು ಸಾಲಿನಲ್ಲಿ ಯಾರೋ ಹೇಳಿದರು. ನನಗೆ ಆಸೆ ಹುಟ್ಟಿತು. ನನ್ನನ್ನು ಬಿಡದಿದ್ದರೂ ನಿನ್ನನ್ನು ಯಾರ ಕೈಗಾದರೂ ಕೊಟ್ಟು ಒಳಗೆ ಕಳಿಸಬಹುದಲ್ಲ! "ಬೆನ್ ಮೇಲಿಂದ ಇಳೀಬೇಡ, ಪಾಪು ಥರ ಇರು" ಎಂದು ನಿನ್ನ ಕಿವಿಯಲ್ಲಿ ಹೇಳಿದೆ. ಹೇಳಿದ್ದೇ ತಪ್ಪಾಯಿತು. ನೀನು ಒದ್ದಾಡಿ ಇಳಿದು, ಎಲ್ಲರೂ ನೋಡುತ್ತಿರುವಂತೆ ತಟ್ಟಾಡುತ್ತ ನೇರವಾಗಿ ಬಾಗಿಲ ಕಾವಲುಗಾರರ ಬಳಿ ಹೋಗಿ ಅವರ ಪ್ಯಾಂಟು ಹಿಡಿದುಕೊಂಡು ಹಲ್ಲು ಕಿರಿದೆ. ಮೇಲ್ವಿಚಾರಕರು "ಇದು ನಡೆಯೋ ಮಗು. ಇಬ್ರೂ ಹೊರಗೆ" ಎಂದರು.

ಆ ಕಾವಲುಗಾರ ನಿನ್ನನ್ನು ಬಗ್ಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆಮೇಲೆ, ನಮ್ಮ ಹಿಂದೆ ಇನ್ನು ಯಾರಾದರೂ ಬರುತ್ತಿದ್ದಾರೇನೋ ಎಂಬಂತೆ, ಖಾಲಿ ರಸ್ತೆಯನ್ನು ಬಹಳ ಹೊತ್ತು ನೋಡಿದರು.

"ಇವು ನನ್ ಮಕ್ಳು ಸಾರ್" ಎಂದರು.

"ಇಷ್ಟ್ ಹೊತ್ತು ಯಾಕ್ರೀ ಹೇಳ್ಲಿಲ್ಲ?"

"ಮುಖಕ್ಕೆಲ್ಲ ಧೂಳ್ ಮೆತ್ಕೊಂಡಿತ್ತು ಸಾರ್. ಗುರ್ತೇ ಸಿಗ್ಲಿಲ್ಲ."

ಮೇಲ್ವಿಚಾರಕರು ರಿಜಿಸ್ಟರು ನೋಡಿದರು. ಕಾವಲುಗಾರರ ಮನೆಯ ಲೆಕ್ಕದಲ್ಲಿ ಹೆಂಡತಿ, ಮಗಳು, ಮಗ, ಎಲ್ಲರ ಪಾಲೂ ಬರೆದಿತ್ತು. "ಹೆಂಡ್ತಿ ಎಲ್ಲಿ?" ಎಂದು ಕೇಳಿದರು. ಕಾವಲುಗಾರರು ನನ್ನ ಕಡೆ ನೋಡಿದರು. ನಾನು "ಅಮ್ಮ ದಾರೀಲೇ ಉಳಿದ್ಬಿಟ್ಲು" ಎಂದೆ. ಆಗ ಅವರು ಗೋಡೆಗೆ ಹಣೆ ಒತ್ತಿ ಅತ್ತರು ನೋಡು, ಅಂಥ ಅಳುವನ್ನು ನಾನು ಮತ್ತೆಂದೂ ಕೇಳಿಲ್ಲ. ಮೇಲ್ವಿಚಾರಕರಿಗೆ ಇನ್ನು ಅನುಮಾನ ಉಳಿಯಲಿಲ್ಲ. ಒಳ್ಳೆಯ ನಟನೆ ಎಂದುಕೊಂಡೆ ನಾನು. ಅವರ ಹೆಂಡತಿ ಮಕ್ಕಳು ಬೇರೆ ಊರಿನಿಂದ ಹೊರಟಿದ್ದರೆಂದೂ, ಆ ವರ್ಷವೆಲ್ಲ ಅವರು ದಿನಾ ಅದೇ ರಸ್ತೆಯನ್ನು ಕಾಯುತ್ತಿದ್ದರೆಂದೂ ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ.

ನಮಗೆ ತಮ್ಮ ಮಕ್ಕಳ ಪಾಲು ಕೊಟ್ಟರು. ಹೆಸರೂ ಕೊಟ್ಟರು, ಬೇರೆ ದಾರಿಯಿರಲಿಲ್ಲ. ಈಗ ನಿನ್ನನ್ನು ಕರೆಯುವ ಹೆಸರು ಅವರ ಮಗನದ್ದು, ನನ್ನದು ಅವರ ಮಗಳದ್ದು. ಮೊದಮೊದಲು ಅವರು ಆ ಹೆಸರು ಕೂಗಿದಾಗ ನಾನು ತಿರುಗಿ ನೋಡಲು ಒಂದು ಕ್ಷಣ ತಡಮಾಡುತ್ತಿದ್ದೆ, ಅವರೂ ಆ ಕ್ಷಣದಲ್ಲಿ ಬೇರೆ ಯಾವುದೋ ಮುಖವನ್ನು ನಿರೀಕ್ಷಿಸುತ್ತಿದ್ದರು. ನಿನಗೆ ಇದು ಯಾವುದೂ ಇರಲಿಲ್ಲ. ನೀನು ಆ ವಾರವೇ ಅವರ ಹೊಟ್ಟೆಯ ಮೇಲೆ ಮಲಗಿ ಜೊಲ್ಲು ಸುರಿಸಿಕೊಂಡು ನಿದ್ದೆ ಹೋದೆ. ನಿನ್ನಿಂದಲೇ ಅವರು ಬದುಕಿದರು ಎಂದು ನಾನು ನಂಬಿದ್ದೇನೆ.

ನಿನಗೆ ನೆನಪಿದೆಯಾ, ಪ್ರತಿ ವರ್ಷ ಬಾಗಿಲು ತೆರೆಯುವ ದಿನ ಅವರು ಕ್ಷೌರ ಮಾಡಿಕೊಂಡು, ಒಗೆದ ಅಂಗಿ ಹಾಕಿಕೊಂಡು ಹೋಗುತ್ತಿದ್ದದ್ದು? ಬಡ್ತಿ ಕೊಟ್ಟರೂ ಬೇಡವೆಂದು ಬಾಗಿಲಲ್ಲೇ ಉಳಿದಾಗ "ಅಪ್ಪಂಗೆ ಮುಂದೆ ಬರ್ಬೇಕು ಅನ್ನೋದೇ ಇಲ್ಲ" ಎಂದು ನೀನು ಅವರ ಎದುರಿಗೇ ಆಡಿದೆ. ಅವರು ನಕ್ಕರು. ನಾನೊಮ್ಮೆ ಕೇಳಿದ್ದೆ, ಅವರ ಹೆಂಡತಿ ಮಕ್ಕಳು ನಿಜವಾಗಿ ಬಂದರೆ ಏನು ಮಾಡುವುದು, ಪಾಲುಗಳನ್ನೆಲ್ಲ ನಾವೇ ಉಸಿರಾಡುತ್ತಿದ್ದೇವಲ್ಲ ಎಂದು. ಅಪ್ಪ ಬೂಟಿನ ಧೂಳು ಒರೆಸುತ್ತ "ಆವಾಗ ನೋಡ್ಕೊಳ್ಳೋಣ ಬಿಡು. ಮೊದ್ಲು ಬರ್ಲಿ" ಎಂದರು. ಹೆಂಡತಿ ಮಕ್ಕಳು ಬರಲೇ ಇಲ್ಲ. ಏನಾದರೆಂದು ಹೇಳುವವರೂ ಬರಲಿಲ್ಲ.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಚಿಕ್ಕವನಿದ್ದಾಗ ನಿನ್ನ ಬಾಯಿಗೆ ಬೀಗವಿರಲಿಲ್ಲ. ದೊಡ್ಡವನಾದ ಮೇಲೆ ಅಪ್ಪನಿಗೆ ಭಯ. ಮಾತು ಕಷ್ಟವಾಗಿದ್ದ ಆ ಕೊನೆಯ ದಿನಗಳಲ್ಲಿ ನನ್ನ ಕೈ ಹಿಡಿದು, "ಅವನಿಗೆ ನಾನ್ ಅಪ್ಪಾನೇ ಆಗಿರ್ಬೇಕು ಅಂತ ಆಸೆ ಕಣಮ್ಮ. ಹೇಳ್ಲೇಬೇಕು ಅಂತ ನಿಂಗನ್ಸಿದ್ ದಿನ ಹೇಳು" ಎಂದರು. ನೀನು ಅವರ ಕೆಲಸಕ್ಕೆ ಸೇರಿದಾಗಲೂ ನನಗೆ ಹಾಗೆನ್ನಿಸಲಿಲ್ಲ. ನಿಜ ಹೇಳಲಾ? ನೀನು ನಿಯಮದ ಪ್ರಾಣಿ ಎಂದುಕೊಂಡಿದ್ದೆ. ಕಾವಲಿನ ಅಂಗಿ ಹಾಕಿಕೊಂಡು ಕನ್ನಡಿಯ ಮುಂದೆ ಎದೆಯುಬ್ಬಿಸಿದಾಗ ನನಗೆ ಒಳಗೊಳಗೇ ಸಂಕಟವಾಗಿತ್ತು. ಈಗ ಅನ್ನಿಸಿದೆ, ಹೇಳುತ್ತಿದ್ದೇನೆ. ಅಪ್ಪ ಇದ್ದಿದ್ದರೆ ನಿನ್ನ ಮುಖ ನೋಡುತ್ತಿರಲಿಲ್ಲವಂತೆ! ನೋಡಿ ನೋಡಿ ಅವರಿಗೆ ಸಾಕಾಗುತ್ತಿರಲಿಲ್ಲ ಕಣೋ.

ಇನ್ನು ನಿನಗೆ ಗೊತ್ತಿಲ್ಲದ ಇನ್ನೊಂದು ಸಂಗತಿ. ವಿಚಾರಣೆಯ ಹಿಂದಿನ ದಿನ ನಾನು ಫಿಲ್ಟರ್ ತೊಳೆಯುವ ಶೆಡ್ಡಿನಿಂದ ಒದ್ದೆ ಸೀರೆಯಲ್ಲೇ ಪಾಲು ಕಚೇರಿಗೆ ಹೋಗಿದ್ದೆ. ಅಪ್ಪನ ಪಾಲು ಇನ್ನೂ ನಮ್ಮ ಮನೆಯ ಲೆಕ್ಕದಲ್ಲೇ ಇತ್ತು. ಅದನ್ನು ಹುಡುಗಿಗೆ ಕೊಡಿ ಎಂದು ಕೇಳಿದೆ. "ಅವ್ಳು ನಿಮಗೆ ಏನಾಗ್ಬೇಕು?" ಎಂದರು ಗುಮಾಸ್ತರು. "ಚಿಕ್ಕಮ್ಮನ ಮಗಳು" ಎಂದೆ. ಅವರು ಕನ್ನಡಕ ಮೇಲೆತ್ತಿ, "ಹಾಗಾದ್ರೆ ನಿಮ್ ತಮ್ಮ 'ತಂಗಿ' ಅಂದಿದ್ದು ಸುಳ್ಳೇನಲ್ಲ" ಎಂದರು. "ಚಿಕ್ಕಮ್ಮನ ಮಗಳು ತಂಗಿ ಅಲ್ದೆ ಇನ್ನೇನಾಗ್ತಾಳೆ ಸಾರ್?" ಎಂದೆ ನಾನು. ಅವರು ನನ್ನನ್ನು ನೋಡಿದ ರೀತಿಯಲ್ಲೇ ತಿಳಿಯಿತು, ಒಂದಕ್ಷರವನ್ನೂ ನಂಬಿಲ್ಲ ಎಂದು. ಆದರೂ ಬರೆದುಕೊಂಡರು. ಹಿಂದೊಮ್ಮೆ ಅಪ್ಪ ಆ ಗುಮಾಸ್ತರ ಅಮ್ಮನನ್ನು ಧೂಳಿನಲ್ಲಿ ಹೊತ್ತುಕೊಂಡು ಬಂದು ಒಳಗೆ ಸೇರಿಸಿದ್ದರಂತೆ. ಹೀಗಾಗಿ ನಿನಗೆ ಶಾಶ್ವತವಾಗಿ ಹೊರಗೆ ಹಾಕುವ ಶಿಕ್ಷೆ ತಪ್ಪಿ, ಒಂದು ಧೂಳುಗಾಲ ಊರ ಹೊರಗಿನ ಪಂಪಿನ ಮನೆಯ ಕೆಲಸ ಎಂದಾಯಿತು. ನೀನು ಹೋಗುವುದು ಸುರಂಗದಿಂದ, ಬರುವುದೂ ಸುರಂಗದಿಂದ. ಅಲ್ಲಿಗೆ ಹೋದವರೆಲ್ಲ ಮರಳಿ ಬಂದಿಲ್ಲ ಎನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ನಾವು ಅಮ್ಮನ ಹಾಗೆ ಅದನ್ನು ಮುಚ್ಚಿಡುವುದು ಬೇಡ.

ಅದಕ್ಕೇ ಕೇಳು. ಮುಖದ ಬಟ್ಟೆಯನ್ನು ಒದ್ದೆ ಮಾಡಿ, ಹಿಂಡಿ, ಆಮೇಲೆ ಕಟ್ಟು. ನೀರು ಸೋರುವ ಬಟ್ಟೆಯಲ್ಲಿ ಧೂಳು ಕೆಸರಾಗಿ ಉಸಿರು ಕಟ್ಟುತ್ತದೆ. ಗಾಳಿ ಜೋರಾದಾಗ ಅಂಗಾತ ಮಲಗಬೇಡ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡು. ಕೆಮ್ಮು ಬಂದರೆ ತಡೆಯಬೇಡ, ಧೈರ್ಯ ತೋರಿಸಲು ಹೋಗಬೇಡ. ನಿನ್ನ ಜೊತೆಗಿರುವ ಹಳೆಯ ಮೆಕ್ಯಾನಿಕ್ ಸಿಡುಕನಂತೆ. ಸಿಡುಕಲಿ, ಅವನು ಎಷ್ಟೋ ಧೂಳುಗಾಲ ಕಂಡು ಬದುಕಿರುವವನು. ಅವನು ಉಣ್ಣುವಾಗ ಉಣ್ಣು, ಅವನು ಮಲಗುವಾಗ ಮಲಗು. ಒಬ್ಬನೇ ಹೊರಗೆ ಕಾಲಿಡಬೇಡ, ಯಾರು ಕೂಗಿದ ಹಾಗೆ ಕೇಳಿಸಿದರೂ ಸರಿ. ಆ ಗಾಳಿಗೆ ಎಲ್ಲರ ದನಿಯೂ ಬರುತ್ತದೆ. ದಾರಿಯಲ್ಲಿ ನನಗೆ ಅಮ್ಮನ ದನಿ ಕೇಳಿಸುತ್ತಿತ್ತು.

ಹುಡುಗಿ ಚೆನ್ನಾಗಿದ್ದಾಳೆ. ಗೊರಕೆ ಹೊಡೆಯುತ್ತಾಳೆ, ನನಗಿಂತ ಹೆಚ್ಚು ತಿನ್ನುತ್ತಾಳೆ, ಎಲ್ಲದಕ್ಕೂ ಯಾಕೆ ಎಂದು ಕೇಳುತ್ತಾಳೆ. ನಿನ್ನೆಯಿಂದ ನನ್ನ ಜೊತೆ ಶೆಡ್ಡಿಗೆ ಬರುತ್ತಿದ್ದಾಳೆ. ತನ್ನವರ ಬಗ್ಗೆ ಇನ್ನೂ ಬಾಯಿಬಿಟ್ಟಿಲ್ಲ, ನಾನೂ ಕೇಳಿಲ್ಲ. ಇವತ್ತು ಬೆಳಿಗ್ಗೆ ನನ್ನನ್ನು ಮೊದಲ ಸಲ ಅಕ್ಕ ಎಂದಳು, ಅದೂ ಸೋಪು ಕೊಡು ಎಂದು ಜಗಳವಾಡುವಾಗ.

ನಾನು ದಣಿದಿದ್ದೇನೆ ಮೊಂಡ. ಇಷ್ಟು ವರ್ಷ ಇನ್ನೊಬ್ಬಳ ಹೆಸರಿನಲ್ಲಿ ಓಗೊಟ್ಟು, ಇನ್ನೊಬ್ಬಳ ಪಾಲಿನ ಗಾಳಿ ಕುಡಿದು, ಅವಳೆಲ್ಲಿದ್ದಾಳೋ ಎಂದು ಯೋಚಿಸಿ ಯೋಚಿಸಿ ದಣಿದಿದ್ದೇನೆ. ಇದನ್ನು ಹೊರಲು ಇಂದಿನಿಂದ ನಿನ್ನ ಹೆಗಲೂ ಇದೆ. ಭಾರವೆನ್ನಿಸಿದರೆ ಬೈದುಕೋ, ಅಳು, ಏನಾದರೂ ಮಾಡು. ಆದರೆ ಒಬ್ಬಳೇ ಹೊರು ಎಂದು ನನ್ನ ಮೇಲೆ ಬಿಟ್ಟು ಹೋಗಬೇಡ. ಅಷ್ಟೇ ನಾನು ಕೇಳುವುದು.

ಶೆಡ್ಡಿನ ಸೈರನ್ನು ಆಯಿತು, ಅವಳು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ. ನಿನ್ನ ಎದೆಯೊಳಗೆ ಹೋಗುವ ಗಾಳಿ ತಿಳಿಯಾಗಿರಲಿ, ಹೋದಷ್ಟೂ ಸುಖವಾಗಿ ಹೊರಗೆ ಬರಲಿ. ಬಿಸಿಲು ನಿನ್ನನ್ನು ಹುಡುಕದಿರಲಿ. ಧೂಳು ಇಳಿದ ದಿನ ಸುರಂಗದ ಬಾಯಲ್ಲಿ ನಾವಿಬ್ಬರೂ ನಿಂತಿರುತ್ತೇವೆ. ನಿನ್ನ ಗುರುತು ಸಿಗದಷ್ಟು ಧೂಳು ಮೆತ್ತಿಕೊಂಡು ಬಂದರೂ ಪರವಾಗಿಲ್ಲ, ಬಾ.

ಇಂತಿ,
ನಿನ್ನನ್ನು ಬೆನ್ನ ಮೇಲೆ ಹೊತ್ತು ತಂದ
ನಿನ್ನ ಅಕ್ಕ