ಜಾಲರಿಯ ಮೇಲಿನ ಸಂಡಿಗೆ

ಲಿವರ್‌ಮೋರ್, ಜನವರಿ ೧೮, ಭಾನುವಾರ

ಇವತ್ತೂ ಬೆಳಿಗ್ಗೆ ಮನೆ ಬೆಚ್ಚಗಾಗಲಿಲ್ಲ. ಮನೆಗೆಲ್ಲ ಬಿಸಿಗಾಳಿ ಕಳಿಸುವ ಎಲೆಕ್ಟ್ರಿಕ್ ಫರ್ನೇಸು ಶುರುವಾಗುತ್ತಿತ್ತು, ಸ್ವಲ್ಪ ಹೊತ್ತಿಗೆ ತಣ್ಣನೆಯ ಗಾಳಿ ಊದುತ್ತಿತ್ತು. ಫಿಲ್ಟರು ಬದಲಿಸಿದೆ, ಬ್ರೇಕರು ನೋಡಿದೆ. ಸುಮ್ಮನೆ ಅದನ್ನು ಬೈದೆ. ಕೊನೆಗೆ ಅತ್ತೆಯ ಕೋಣೆಗೆ ಹೋದರೆ, ನೆಲದಲ್ಲಿ ಬಿಸಿಗಾಳಿ ಬರುವ ಜಾಲರಿಯ ಮೇಲೆ ಸಂಡಿಗೆಯ ತಟ್ಟೆ! ಹಾಲ್‌ನಲ್ಲಿ ಸೋಫಾದ ಹಿಂದೆಯೂ, ಊಟದ ಮೇಜಿನ ಕೆಳಗೂ ಅದೇ. ಗಾಳಿಗೆ ದಾರಿಯಿಲ್ಲದೆ ಫರ್ನೇಸು ಒಳಗೇ ಕಾದು, ಬಿಸಿ ಮಾಡುವುದನ್ನೇ ನಿಲ್ಲಿಸುತ್ತಿತ್ತು.

"ಬಿಸ್ಲೇ ಇಲ್ವಲ್ಲವ್ವ, ಇನ್ನೆಲ್ಲಿ ಒಣಗಾಕ್ಲಿ?" ಎಂದರು ಅತ್ತೆ, ಶಾಲಿನೊಳಗೆ ನಡುಗುತ್ತ. "ನಾನು ಊರಿಗೋದ್ಮೇಲೆ ನಿಂಗ್ಯಾರು ಮಾಡ್ಕೊಟ್ಟಾರು?"

ರೇಗಬೇಕೆಂದಿದ್ದವಳು ಬಗ್ಗಿ ತಟ್ಟೆಗಳನ್ನು ಎತ್ತತೊಡಗಿದೆ. ಎಲ್ಲವನ್ನೂ ತೆಗೆದ ಮೇಲೆ ಅವರ ಕೋಣೆ ಬೆಚ್ಚಗಾಯಿತು.

ಒಂದು ತಟ್ಟೆ ಮಾತ್ರ ಈಗ ನನ್ನ ಕೋಣೆಯ ಜಾಲರಿಯ ಮೇಲಿದೆ. ಸ್ವೆಟರು ಹಾಕಿಕೊಂಡು ಬರೆಯುತ್ತಿದ್ದೇನೆ. ಸಂಡಿಗೆ ಮುಟ್ಟಿ ನೋಡಿದೆ, ಇನ್ನೂ ಹಸಿ.